ಹೆಬ್ಬೆರಳಿಗೆ ಅಂಜುವ ಚಾಕು

ಒಂದೇ ಮನೆಗೆ ಬೀದಿಯ ಕಡೆ ಎರಡು ಬಾಗಿಲು. ಎಡಗಡೆಯದು ಕಮ್ಮಾರನ ಕುಲುಮೆಗೆ, ಬಲಗಡೆಯದು ಅವನ ಹೆಂಡತಿಯ ಹೊಲಿಗೆ ಕೋಣೆಗೆ. ಎರಡಕ್ಕೂ ಹಿಂದುಗಡೆ ಉದ್ದನೆಯ ಅಡುಗೆಮನೆ. ಅಂಗಿಯ ಅಳತೆ ಕೊಡಲು ಬಂದವರು ತಪ್ಪಿ ಎಡಗಡೆ ನುಗ್ಗಿ ಮಸಿ ಮೆತ್ತಿಕೊಂಡು ಹೋಗುವುದು, ಚಾಕು ಕೇಳಲು ಬಂದವರು ಬಲಗಡೆ ಹೋಗಿ ಎದೆಯ ಸುತ್ತಳತೆ ಕೊಟ್ಟು ಬರುವುದು ಆಗಾಗ ನಡೆಯುತ್ತಿತ್ತು. ಇಬ್ಬರೂ ಕೈಗೆಲಸ ಬಲ್ಲವರು, ಇಬ್ಬರ ಬಾಗಿಲಿಗೂ ಗಿರಾಕಿಗಳಿದ್ದರು, ಜಗಳವಾಡಲು ಪುರುಸೊತ್ತು ಕಡಿಮೆ. ಅವರು ಸುಖವಾಗಿದ್ದರು ಎಂದರೆ ಸುಳ್ಳು ಹೇಳಿದಂತಾಗುವುದಿಲ್ಲ.

ಕಮ್ಮಾರ ಮಾಡುತ್ತಿದ್ದುದು ಅಡುಗೆಮನೆಯ ಚಾಕು ಮಾತ್ರ. ಕೊಡಲಿ, ಗುದ್ದಲಿ ಕೇಳಿಕೊಂಡು ಬಂದವರಿಗೆ ಬೇರೆ ಬೀದಿ ತೋರಿಸುತ್ತಿದ್ದ. ಚಾಕು ಬೇಕೆಂದವರ ಕೈಗೂ ತಕ್ಷಣ ಚಾಕು ಬರುತ್ತಿರಲಿಲ್ಲ. ಮೊದಲು ಒಂದು ಈರುಳ್ಳಿ ಕೊಟ್ಟು, ಹಲಗೆಯ ಮುಂದೆ ನಿಲ್ಲಿಸಿ, "ಹೆಚ್ಚಿ" ಎನ್ನುತ್ತಿದ್ದ. ಅವರು ಮೂಗು ಸೊರಗುಟ್ಟಿಸಿಕೊಂಡು ಹೆಚ್ಚುತ್ತಿದ್ದರೆ ಇವನು ಕೈಕಟ್ಟಿ ನಿಂತು ನೋಡುತ್ತಿದ್ದ. ಮಣಿಕಟ್ಟು ಎತ್ತ ಬಾಗುತ್ತದೆ, ಭುಜ ಏಳುತ್ತದೆಯೋ ಇಲ್ಲವೋ, ಕುಟ್ಟುವ ಕೈಯೋ ಎಳೆಯುವ ಕೈಯೋ, ಎಲ್ಲ ಲೆಕ್ಕ ಹಾಕಿ ಆಮೇಲೆ ಬೆಂಕಿಗೆ ಉಕ್ಕು ಇಡುತ್ತಿದ್ದ. ಹೆಚ್ಚಿದ ಈರುಳ್ಳಿ ಅಡುಗೆಮನೆಗೆ ಹೋಗುತ್ತಿತ್ತು. ಗಿರಾಕಿಗಳ ಪುಣ್ಯದಿಂದ ಆ ಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸವೇ ಇರಲಿಲ್ಲ.

ಅವನ ಚಾಕುಗಳಿಗೆ ಹೆಸರಿತ್ತು. ಗಾಳಿಯಲ್ಲಿ ತೂಗುಬಿಟ್ಟ ಕಾಗದವನ್ನು ಸದ್ದಿಲ್ಲದೆ ಸೀಳುವಂಥವು. ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು, ಕಾಯುವುದರಲ್ಲೇ ಒಂದು ಹೆಮ್ಮೆ ಪಡುತ್ತಿದ್ದರು. ಕಮ್ಮಾರ ಹೊರಗೆ "ಏನೋ, ಕೈಗೆ ಬಂದ ಕೆಲಸ" ಎಂದು ತಲೆ ತಗ್ಗಿಸುತ್ತಿದ್ದ. ಒಳಗೆ ಮಾತ್ರ ತಲೆ ಎತ್ತಿಕೊಂಡೇ ಇರುತ್ತಿತ್ತು.

ಆ ತಲೆ ತಗ್ಗುವ ಕಾಲ ಒಂದು ಮಧ್ಯಾಹ್ನ ಬಂತು. ದೊಡ್ಡ ಹೋಟೆಲೊಂದರ ಬಾಣಸಿಗ ತನ್ನ ಚಾಕು ಒಯ್ಯಲು ಬಂದಿದ್ದ. ಊಟದ ಹೊತ್ತಾಗಿತ್ತು, ಗಂಡಹೆಂಡಿರು ಅವನನ್ನು ಒಳಗೇ ಕೂರಿಸಿಕೊಂಡರು. ತಟ್ಟೆ ಖಾಲಿಯಾದ ಮೇಲೆ ಅವನು ಕೈ ಒರೆಸಿಕೊಳ್ಳುತ್ತ ಕೇಳಿದ: "ಅಕ್ಕಾ, ಊರಿಗೆಲ್ಲ ಚಾಕು ಮಾಡಿಕೊಡ್ತಾರೆ ಇವರು. ನಿಮಗೆ ಎಂಥದ್ದು ಮಾಡಿಕೊಟ್ಟಿದಾರೆ, ಸ್ವಲ್ಪ ತೋರಿಸಿ ನೋಡೋಣ."

ಹೆಂಡತಿ ಗೋಡೆಯ ಬೀರುವಿನಿಂದ ಬಟ್ಟೆ ಸುತ್ತಿದ ಒಂದು ಚಾಕು ತಂದಳು. ಮದುವೆಯಾದ ಹೊಸತರಲ್ಲಿ ಅವನು ಮಾಡಿಕೊಟ್ಟಿದ್ದು. ಬಾಣಸಿಗ ಬಿಚ್ಚಿ ನೋಡಿದ, ಬೆಳಕಿಗೆ ಹಿಡಿದ, ತಿರುಗಿಸಿದ. "ಇದು ಹೊಸದಾಗೇ ಇದ್ಯಲ್ಲ! ದಿನಾ ಯಾವುದರಲ್ಲಿ ಹೆಚ್ಚೋದು ನೀವು?"

ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ಚಮಚಗಳ ಡಬ್ಬಿಗೆ ಕೈ ಹಾಕಿ ಇನ್ನೊಂದು ಚಾಕು ತೆಗೆದು ಮೇಜಿನ ಮೇಲಿಟ್ಟಳು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಜಾತಿಯದು. ಪ್ಲಾಸ್ಟಿಕ್ ಹಿಡಿ ಒಡೆದು ಅದಕ್ಕೆ ಹೊಲಿಗೆ ದಾರ ಸುತ್ತಿತ್ತು. ಅಲಗು ಸವೆದು ಸವೆದು ಬೆರಳಷ್ಟಗಲ ಉಳಿದಿತ್ತು, ಕೊಯ್ಯುವ ಬಾಯಿ ಎಂಬುದು ಹೆಸರಿಗೆ ಮಾತ್ರ.

ಬಾಣಸಿಗ ಬಿದ್ದು ಬಿದ್ದು ನಕ್ಕ. "ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಇವತ್ತು ಕಣ್ಣಾರೆ ಕಂಡೆ!" ಕಮ್ಮಾರನೂ ನಕ್ಕ. ಹುಳ್ಳಗಿನ ನಗು. ಅಷ್ಟು ವರ್ಷ ತಾನು ಉಂಡ ಪಲ್ಯವೆಲ್ಲ ಆ ತಗಡಿನ ತುಂಡಿನಲ್ಲಿ ಹೆಚ್ಚಿದ್ದು ಎಂಬುದು ಅವನಿಗೂ ಆಗಲೇ ಗೊತ್ತಾಗಿದ್ದು. ತರಕಾರಿ ಹೆಚ್ಚುವ ಹೊತ್ತಿಗೆ ಅವನು ಸಾಣೆಯ ಮುಂದಿರುತ್ತಿದ್ದ, ಊಟಕ್ಕೆ ಕರೆದಾಗ ಬರುತ್ತಿದ್ದ, ತಟ್ಟೆಗೆ ಬಿದ್ದದ್ದನ್ನು ಚೆನ್ನಾಗಿದೆ ಎಂದು ತಿನ್ನುತ್ತಿದ್ದ. ಗಂಡಸರು ನೋಡದೇ ಇರುವುದರಲ್ಲಿ ಎಷ್ಟು ಪಳಗಿದ್ದಾರೆಂದರೆ ಅದಕ್ಕೂ ಒಂದು ಬಿರುದು ಕೊಡಬಹುದು.

ಬಾಣಸಿಗ ಹೋದ ಮೇಲೆ ಕಮ್ಮಾರ ಕೇಳಿದ: "ಯಾಕೆ? ನನ್ನ ಚಾಕುಗೆ ಏನಾಗಿದೆ?"

"ಏನೂ ಆಗಿಲ್ಲ. ಚೆನ್ನಾಗಿದೆ."

"ಮತ್ತೆ ಯಾಕೆ ಬಳಸಲ್ಲ?"

"ನನಗೆ ಅದು ಸರಿಹೋಗಲ್ಲ ಕಣ್ರೀ. ಇದು ಸರಿಹೋಗುತ್ತೆ. ಅಷ್ಟೇ." ಅವಳು ತಟ್ಟೆ ತೊಳೆಯಲು ಎದ್ದಳು. ಅವಳ ಪಾಲಿಗೆ ಮಾತು ಮುಗಿದಿತ್ತು.

ಅವನ ಪಾಲಿಗೆ ಮುಗಿಯಲಿಲ್ಲ. ಊರ ಅಡುಗೆಯವರೆಲ್ಲ ತನ್ನ ಚಾಕುವಿಗೆ ಕಾದು ಕೂತಿರುವಾಗ ಸ್ವಂತ ಹೆಂಡತಿ ಸಂತೆಯ ತಗಡು ಹಿಡಿದಿದ್ದಾಳೆ. ನೋವಾಯಿತು, ನಿಜವಾಗಿಯೇ ನೋವಾಯಿತು. ಬಾಣಸಿಗ ನಕ್ಕನೆಂದಷ್ಟೇ ಅಲ್ಲ. ತನಗೆ ಬರುವುದು ಅದೊಂದೇ ವಿದ್ಯೆ, ಆ ಒಂದು ವಿದ್ಯೆಯಿಂದಲೂ ಅವಳಿಗೆ ಒಂದು ಸಣ್ಣ ಉಪಯೋಗ ಆಗಿಲ್ಲವಲ್ಲ ಎಂದು. ಅವಳ ಕೈಯಲ್ಲಿ ತನ್ನದೊಂದು ಚಾಕು ಇರಲೇಬೇಕು ಎಂದು ಅವನು ಹಟ ಹಿಡಿದ.

ಮೊದಲು ಒಂದು ಚಿಕ್ಕ ಚಾಕು ಮಾಡಿಕೊಟ್ಟ. ಅವಳು "ಮುದ್ದಾಗಿದೆ" ಎಂದಳು, ಅದು ಬೀರು ಸೇರಿತು. ಇನ್ನೊಂದನ್ನು ಹಗುರವಾಗಿ ಮಾಡಿದ. ಅದೂ ಬಟ್ಟೆ ಸುತ್ತಿಕೊಂಡು ಅಣ್ಣನ ಪಕ್ಕ ಮಲಗಿತು. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಬೇರೆ ಗಂಡಂದಿರು ಹೆಂಡತಿಗೆ ಗೊತ್ತಾಗದ ಹಾಗೆ ಸೀರೆ ತರುತ್ತಾರೆ, ಹೂವು ತರುತ್ತಾರೆ. ಇವನು, ಅವಳು ಹೊಲಿದ ಬಟ್ಟೆ ಕೊಟ್ಟುಬರಲು ಹೋದ ಹೊತ್ತಿನಲ್ಲಿ, ಆ ಸಂತೆಯ ಚಾಕುವನ್ನು ಡಬ್ಬಿಯಿಂದ ತೆಗೆದು ಸಾಣೆಗೆ ಹಿಡಿದ. ಒರಟು ಕಲ್ಲು, ನಯಕಲ್ಲು, ಆಮೇಲೆ ಚರ್ಮದ ಪಟ್ಟಿ. ತಗಡೇ ಆದರೂ ಅವನ ಕೈಯಲ್ಲಿ ಅದು ಕಾಗದ ಸೀಳಿತು. ಬಂದು ಹೆಚ್ಚಿದಾಗ ಅವಳ ಮುಖ ಹೇಗೆ ಅರಳಬಹುದು ಎಂದು ನೆನೆದು ಒಬ್ಬನೇ ನಗುತ್ತ, ಚಾಕುವನ್ನು ಮೊದಲಿದ್ದಲ್ಲೇ ಇಟ್ಟ.

ಅಡುಗೆಮನೆಯಿಂದ ಕೂಗು ಕೇಳಿದಾಗ ಅವನು ಓಡಿದ. ಅವಳು ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಬೀನ್ಸ್ ತುಂಬಿದ ಬಟ್ಟಲು ನೆಲಕ್ಕೆ ಮಗುಚಿಬಿದ್ದಿತ್ತು.

"ನನ್ನ ಚಾಕುಗೆ ಏನು ಮಾಡಿದ್ರಿ?"

"ಹರಿತ ಮಾಡಿದೆ..."

"ಯಾರು ಮಾಡಿ ಅಂದ್ರು ನಿಮಗೆ?"

ವೈದ್ಯರ ಹತ್ತಿರ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದರು. ಊರಿಗೆಲ್ಲ ಹೊಲಿಗೆ ಹಾಕುವವಳು ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಕೂತಳು. ಹೆಬ್ಬೆರಳಿಲ್ಲದೆ ಸೂಜಿ ಹಿಡಿಯಲಾಗದು, ಕತ್ತರಿ ಆಡದು. ಒಪ್ಪಿಕೊಂಡ ಬಟ್ಟೆ ರಾಶಿ ಬಿದ್ದಿತ್ತು. ಮಾಡಿದ್ದುಣ್ಣೋ ಮಹರಾಯ ಎಂಬಂತೆ ಕಮ್ಮಾರ ಕುಲುಮೆಯ ಬೆಂಕಿ ಆರಿಸಿ ಬಲಗಡೆಯ ಕೋಣೆಯಲ್ಲಿ ಗುಂಡಿ ಹೊಲಿಯಲು ಕೂತ. ಆ ಕೈಯಲ್ಲಿ ಸೂಜಿ ಕಾಣಿಸುತ್ತಲೇ ಇರಲಿಲ್ಲ.

"ದಾರ ಅಷ್ಟು ಬಿಗಿ ಎಳೀಬೇಡಿ. ಅದೇನು ಕಬ್ಬಿಣದ ತಂತಿ ಅಂದ್ಕೊಂಡ್ರಾ?" ಎನ್ನುತ್ತಿದ್ದಳು ಹೆಂಡತಿ, ಬ್ಯಾಂಡೇಜಿನ ಬೆರಳನ್ನು ಮೇಲೆತ್ತಿ ಕೂತು.

"ಬಿಗಿ ಇದ್ರೆ ಗುಂಡಿ ಉದುರಲ್ಲ."

"ಉದುರಲ್ಲ, ಸರಿ. ಹಾಕೋಕೂ ಬರಲ್ಲ."

ಅಡುಗೆಗೆ ಅವಳ ತಾಯಿ ಬಂದರು. ಅತ್ತೆಗೆ ಅಳಿಯನ ಮೇಲೆ ಪ್ರೀತಿಯಿತ್ತು, ಅದನ್ನು ಅವರು ಬೈಗುಳದಲ್ಲಿ ತೋರಿಸುತ್ತಿದ್ದರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೊಸಿಲಲ್ಲೇ ಶುರುಮಾಡಿ, ಕಾಫಿ ಕುಡಿದ ಮೇಲೆ ಸ್ವಲ್ಪ ತಣ್ಣಗಾದರು. ಆಮೇಲೆ ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಗಿಡ್ಡ ಸ್ಟೂಲು ಎಳೆದುಕೊಂಡು, ಬಟ್ಟಲನ್ನು ತೊಡೆಯ ಮೇಲಿಟ್ಟು, ತಾವು ಮನೆಯಿಂದ ತಂದಿದ್ದ ಮೊಂಡು ಚಾಕುವಿನಿಂದ ಬೀನ್ಸ್ ಹೆಚ್ಚಲು ತೊಡಗಿದರು.

ಗುಂಡಿಗಳಿಂದ ತಪ್ಪಿಸಿಕೊಂಡು ನೀರು ಕುಡಿಯಲು ಬಂದ ಕಮ್ಮಾರ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟ. ಹಲಗೆ ಇರಲಿಲ್ಲ. ಎಡಗೈಯಲ್ಲಿ ನಾಲ್ಕಾರು ಬೀನ್ಸ್ ಒಟ್ಟಿಗೆ ಹಿಡಿದು, ಬಲಗೈಯ ಚಾಕುವನ್ನು ತಮ್ಮ ಕಡೆಗೇ ಒತ್ತುತ್ತಿದ್ದರು. ಅಲಗು ಬೀನ್ಸ್ ದಾಟಿ ನೇರವಾಗಿ ಬಲಗೈಯ ಹೆಬ್ಬೆರಳಿಗೆ ಬಂದು ತಾಕಿ ನಿಲ್ಲುತ್ತಿತ್ತು. ತುಂಡುಗಳು ಟಪಟಪ ಬಟ್ಟಲಿಗೆ ಬೀಳುತ್ತಿದ್ದವು. ಅತ್ತೆ ಚಾಕುವಿನ ಕಡೆ ನೋಡುತ್ತಲೂ ಇರಲಿಲ್ಲ, ಕಿಟಕಿಯಾಚೆ ಯಾರು ಯಾರ ಜೊತೆ ಹೋಗುತ್ತಿದ್ದಾರೆಂದು ನೋಡುತ್ತಿದ್ದರು.

"ಅತ್ತೇ, ಬೆರಳು!"

"ಬೆರಳಿಗೇನಾಯ್ತು?"

"ಕೊಯ್ಯಲ್ವಾ?"

"ಎಪ್ಪತ್ತು ವರ್ಷದಿಂದ ಕೊಯ್ದಿಲ್ಲ, ಇವತ್ತು ಕೊಯ್ಯುತ್ತಾ? ನಮಗೆ ಹೆಬ್ಬೆರಳೇ ಹಲಗೆ ಕಣಪ್ಪಾ. ನಮ್ಮಮ್ಮ ಹೀಗೇ ಹೆಚ್ತಿದ್ಲು, ನಿನ್ನ ಹೆಂಡ್ತೀನೂ ಹೀಗೇ ಹೆಚ್ಚೋದು. ಕೂತು, ಮಾತಾಡ್ತಾ. ನಿಮ್ಮ ಹಲಗೆ ಮುಂದೆ ಸೈನಿಕರ ಥರಾ ನಿಂತ್ಕೊಂಡು ಹೆಚ್ಚೋಕೆ ಯಾರ ಕೈಲಾಗುತ್ತೆ?" ಅಳಿಯನ ಮುಖ ನೋಡಿ ಅವರ ದನಿ ಇಳಿಯಿತು. "ಯಾಕೆ, ನೀನು ನೋಡೇ ಇಲ್ವಾ?"

ನೋಡಿಯೇ ಇರಲಿಲ್ಲ. ಊರವರ ಕೈಗೆಲ್ಲ ಈರುಳ್ಳಿ ಕೊಟ್ಟು ನೋಡಿದವನು ಹೆಂಡತಿಯ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಕಮ್ಮಾರನಿಗೆ ತಲೆಯ ಮೇಲೆ ಸುತ್ತಿಗೆ ಬಿದ್ದ ಹಾಗಾಯಿತು, ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಒಂದು ಸಂತೋಷವೂ ಬಂತು, ಏಕೆಂದರೆ ಗಂಟು ಎಲ್ಲಿದೆಯೆಂದು ಈಗ ಗೊತ್ತಾಗಿತ್ತು. ತನ್ನ ಚಾಕು ಕೆಟ್ಟದೆಂದು ಅವಳು ದೂರವಿಟ್ಟಿರಲಿಲ್ಲ. ಅದಕ್ಕೆ ಬೀನ್ಸೂ ಒಂದೇ ಹೆಬ್ಬೆರಳೂ ಒಂದೇ, ಅದಕ್ಕೇ ದೂರವಿಟ್ಟಿದ್ದಳು.

ಅವನು ಲೋಟ ಕೆಳಗಿಟ್ಟು, ಅತ್ತೆಯ ಮುಂದೆ ನೆಲದ ಮೇಲೆ ಕೂತ. "ಇನ್ನೊಂದ್ಸಲ ಹೆಚ್ಚಿ. ನಿಧಾನಕ್ಕೆ."

ಬೆರಳು ಮಾಯ್ದು ಹೆಂಡತಿ ಮಿಷನ್ನಿನ ಮುಂದೆ ಕೂತ ದಿನವೇ ಇವನು ಕುಲುಮೆಗೆ ಮರಳಿದ. ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಬರೀ ಮೊಂಡು ಚಾಕು ಯಾರು ಬೇಕಾದರೂ ಮಾಡಬಹುದು, ಜಗತ್ತಿನಲ್ಲಿ ಅದಕ್ಕೆ ಬರವಿಲ್ಲ. ಇದು ತರಕಾರಿಗೆ ಹರಿತವಾಗಿರಬೇಕು, ಹೆಬ್ಬೆರಳಿಗೆ ಮೊಂಡಾಗಿರಬೇಕು. ಯೋಚಿಸಿ ಯೋಚಿಸಿ ಅವನಿಗೆ ಹೊಳೆದದ್ದು ಇಷ್ಟು: ಅಲಗು ಎಲೆಯಷ್ಟು ತೆಳುವಾಗಿದ್ದರೆ ಬಾಯಿ ಅಷ್ಟೇನೂ ಹರಿತವಿಲ್ಲದಿದ್ದರೂ ತರಕಾರಿಯೊಳಗೆ ಸಲೀಸಾಗಿ ಇಳಿಯುತ್ತದೆ, ಚರ್ಮಕ್ಕೆ ನೇರವಾಗಿ ತಾಕಿದರೆ ನಿಲ್ಲುತ್ತದೆ. ಸಂತೆಯ ತಗಡು ಗೆದ್ದಿದ್ದು ಆ ತೆಳುವಿನಿಂದಲೇ.

ತೆಳು ಅಲಗಿಗೆ ಹದ ಕೊಡುವುದು ತಲೆನೋವಿನ ಕೆಲಸ. ಕೆಂಪಗೆ ಕಾದ ಉಕ್ಕು ಎಣ್ಣೆಗೆ ಇಳಿದ ಕ್ಷಣ ಸೊಟ್ಟಗಾಗುತ್ತಿತ್ತು. ಮೊದಲನೆಯದು ಬಲಕ್ಕೆ ಬಾಗಿತು, ಎರಡನೆಯದು ಎಡಕ್ಕೆ. ಇನ್ನೊಂದು ಸುರುಳಿ ಸುತ್ತಿಕೊಂಡು ಬಂತು. ಅದನ್ನು ನೋಡಿ ಹೆಂಡತಿ, "ಇದು ಬೇಕಾದ್ರೆ ಇಡಿ, ಕಿಟಕಿ ಪರದೆಗೆ ಕೊಕ್ಕೆ ಆಗುತ್ತೆ" ಎಂದಳು. ನೇರ ಬಂದದ್ದರ ಬಾಯಿ ತಿದ್ದುವುದು ಇನ್ನೊಂದು ಪಾಡು. ಕಾಗದದ ಮೇಲೆ ಪರೀಕ್ಷೆ ಮಾಡುವ ಹಾಗಿರಲಿಲ್ಲ. ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು, ತನ್ನ ಹೆಬ್ಬೆರಳನ್ನೇ ಒಡ್ಡಿ, ಅವನೇ ಬೀನ್ಸ್ ಹೆಚ್ಚಿ ನೋಡಬೇಕಾಗಿತ್ತು. ಆ ದಿನಗಳಲ್ಲಿ ಅವನ ಬೆರಳಿನ ತುಂಬ ಗೀರು, ಮನೆಯಲ್ಲಿ ದಿನವೂ ಬೀನ್ಸ್ ಪಲ್ಯ. ಅವಳು ಬಂದು ಪಕ್ಕದಲ್ಲಿ ಕೂತು, "ಮಣಿಕಟ್ಟು ತಿರುಗಿಸ್ಬೇಡಿ, ಬರೀ ಒತ್ತಿ. ಹೂಂ, ಹಾಗೆ" ಎಂದು ಹೇಳಿಕೊಡುತ್ತಿದ್ದಳು. ಅವನಿಗೆ ಆ ಪಾಠ ಬೇಗ ಮುಗಿಯುವುದು ಬೇಡವಾಗಿತ್ತು.

ಕಡೆಗೊಂದು ಚಾಕು ಬಂತು. ಬೀನ್ಸ್ ದಾಟುತ್ತಿತ್ತು, ಹೆಬ್ಬೆರಳಿಗೆ ತಾಕಿ ಸುಮ್ಮನಾಗುತ್ತಿತ್ತು. ಮರದ ಹಿಡಿ ಕೂರಿಸಿ, ಏನೂ ಹೇಳದೆ ಚಮಚಗಳ ಡಬ್ಬಿಗೆ ಹಾಕಿಬಿಟ್ಟ.

ಅವಳು ಅದರಲ್ಲೇ ಹೆಚ್ಚಿದಳು. ಮರುದಿನವೂ ಹೆಚ್ಚಿದಳು. ಮೂರನೆಯ ದಿನ ಚಾಕು ಹಿಡಿದುಕೊಂಡೇ ಕುಲುಮೆಗೆ ಬಂದಳು. ಕಮ್ಮಾರ ಮೆಚ್ಚುಗೆಯ ಮಾತಿಗೆ ತಯಾರಾಗಿ, ಮುಖದಲ್ಲಿ 'ಏನೋ ಕೈಗೆ ಬಂದ ಕೆಲಸ' ಎಂಬ ವಿನಯ ಇಟ್ಟುಕೊಂಡು ನಿಂತ. ಅವಳು ಅಲಗಿನ ಈ ಮೈ ನೋಡಿದಳು, ಆ ಮೈ ನೋಡಿದಳು.

"ಗುಬ್ಬಿ ಹೆಜ್ಜೆ ಎಲ್ಲಿ?"

ಅವನ ಚಾಕುಗಳಿಗೆಲ್ಲ ಹಿಡಿಯ ಹತ್ತಿರ ಒಂದು ಗುರುತು ಇರುತ್ತಿತ್ತು. ಮೂರು ಗೀರಿನ ಚಿಕ್ಕ ಅಚ್ಚು, ಗುಬ್ಬಿಯ ಹೆಜ್ಜೆಯ ಹಾಗೆ. ಅದನ್ನು ನೋಡಿದರೆ ಇಂಥವನ ಕೆಲಸವೆಂದು ಬಲ್ಲವರಿಗೆ ತಿಳಿಯುತ್ತಿತ್ತು. ಈ ಚಾಕುವಿಗೆ ಅವನು ಅದನ್ನು ಹೊಡೆದಿರಲಿಲ್ಲ. ಮರೆತದ್ದಲ್ಲ. ಅಚ್ಚನ್ನು ಕೈಗೆ ತೆಗೆದುಕೊಂಡು, ಯೋಚಿಸಿ, ಕೆಳಗಿಟ್ಟಿದ್ದ.

"ಮನೆಯೊಳಗಿನ ಚಾಕು ತಾನೆ..." ಎಂದ.

"ಬೀರುವಲ್ಲಿರೋ ಮೂರೂ ಮನೆಯೊಳಗಿನವೇ. ಅವಕ್ಕೆಲ್ಲ ಇದೆ."

"ಅಲ್ಲ, ಇದು... ಕಾಗದ ಕೊಯ್ಯಲ್ಲ ನೋಡು. ನಾಳೆ ಆ ಬಾಣಸಿಗನಂಥವನು ಯಾರಾದ್ರೂ ಬಂದು, ಗುರುತು ನೋಡಿ, ಕೊಯ್ದು ನೋಡಿದ್ರೆ, ಇವನ ಕೈ ಕೆಟ್ಟುಹೋಯ್ತು ಅಂದ್ಕೊಳ್ತಾನೆ. ಅದಕ್ಕೆ..."

ಬಾಯಿ ಬಿಟ್ಟರೆ ಬಣ್ಣಗೇಡು. ಅವಳು ಚಾಕುವನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಮೆಲ್ಲಗೆ ಇಟ್ಟಳು. ಬೆರಳು ಕೊಯ್ದಾಗ ಕೂಗಾಡಿದವಳು ಈಗ ದನಿ ಏರಿಸಲಿಲ್ಲ. ಅವನಿಗೆ ಹೆದರಿಕೆಯಾಗಿದ್ದು ಅದರಿಂದಲೇ.

"ಇಷ್ಟು ದಿನ ಬೆರಳೆಲ್ಲ ಗೀರಿಕೊಂಡು ಮಾಡಿದ್ರಲ್ಲ, ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಇದು ನನಗೆ ಅಂತಲೇ ಮಾಡಿದ್ದು ಅಂದ್ಕೊಂಡಿದ್ದೆ. ಮಾಡಿದ್ದು ಹೌದು, ಆದ್ರೆ ನನ್ನ ಕೆಲಸ ಅಂತ ಹೇಳ್ಕೊಳ್ಳೋಕೆ ನಿಮಗೇ ನಾಚಿಕೆ. ಹಾಗಾದ್ರೆ ಯಾರಾದ್ರೂ ಕೇಳಿದ್ರೆ ಇದನ್ನೂ ಸಂತೆಯಿಂದ ತಂದೆ ಅಂತೀನಿ ಬಿಡಿ."

ಅವಳು ಬಲಗಡೆಗೆ ಹೋದಳು. ಚಾಕು ಅಲ್ಲೇ ಉಳಿಯಿತು. ಆ ಸಂಜೆ ದಾರ ಸುತ್ತಿದ ಹಳೆಯ ಚಾಕು, ಕಲ್ಲಿಗೆ ಉಜ್ಜಿಸಿಕೊಂಡು ಮೊದಲಿನಂತೆ ಮೊಂಡಾಗಿ, ಮತ್ತೆ ಡಬ್ಬಿಗೆ ಬಂದಿತ್ತು.

ಅವಳು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ, ಅದೇ ಕಷ್ಟ. ಓಡಿಹೋಗಿ ಅಚ್ಚು ಹೊಡೆದುಬಿಡೋಣವೆಂದರೆ ಅದೂ ಆಗದು. ಹದ ಕುಡಿದು ಗಟ್ಟಿಯಾದ ಉಕ್ಕಿನ ಮೇಲೆ ಹೊಡೆದರೆ ಅಚ್ಚು ಜಾರುತ್ತದೆ, ಇಲ್ಲವೇ ಅಲಗು ಸೀಳುತ್ತದೆ. ಗುರುತು ಬೀಳಬೇಕಾದದ್ದು ಕಬ್ಬಿಣ ಕೆಂಪಾಗಿರುವಾಗ. ಆ ಹೊತ್ತು ತಪ್ಪಿದರೆ ತಪ್ಪಿತು. ಹಾಗೆಂದು ಗಿರಾಕಿಗಳಿಗೆ ಅವನೇ ಎಷ್ಟೋ ಸಲ ಹೇಳಿದ್ದ. ಮಾತು ತನಗೇ ತಿರುಗಿ ಬಡಿಯಿತು.

ಬೆಳಿಗ್ಗೆ ಹೊಸ ಉಕ್ಕಿನ ತುಂಡು ಬೆಂಕಿಗಿಟ್ಟು, ಬಡಿದು, ಎಳೆದು, ತೆಳುವು ಮಾಡಿ, ಹೊಲಿಗೆ ಕೋಣೆಯ ಬಾಗಿಲಲ್ಲಿ ಹೋಗಿ ನಿಂತ. "ಸ್ವಲ್ಪ ಬರ್ತೀಯಾ? ಒಬ್ಬನ ಕೈಲಾಗಲ್ಲ."

ಒಬ್ಬನ ಕೈಲೇ ಆಗುವ ಕೆಲಸವೆಂದು ಅವಳಿಗೂ ಗೊತ್ತಿತ್ತು. ಆದರೂ ಕೊರಳಿನಿಂದ ಅಳತೆ ಪಟ್ಟಿ ತೆಗೆದಿಟ್ಟು ಬಂದಳು. ಅವನು ಕೆಂಪಗಾದ ಅಲಗನ್ನು ಅಡಿಗಲ್ಲಿನ ಮೇಲೆ ಹಿಡಿದು, ಗುಬ್ಬಿ ಹೆಜ್ಜೆಯ ಅಚ್ಚನ್ನು ಅದರ ಮೇಲೆ ನಿಲ್ಲಿಸಿ, "ಸುತ್ತಿಗೆ ತಗೊ. ಒಂದೇ ಏಟು. ಎರಡು ಹೊಡೆದ್ರೆ ಎರಡು ಗುಬ್ಬಿ ಆಗುತ್ತೆ" ಎಂದ.

"ನಿಮ್ಮ ಕೈಗೆ ಬಿದ್ರೆ?"

"ಬಿದ್ರೆ ಲೆಕ್ಕ ಚುಕ್ತಾ."

ಅವಳಿಗೆ ನಗು ಬಂತು, ನಗುತ್ತಲೇ ಹೊಡೆದಳು. ಅಚ್ಚು ವಾಲಿತು. ಗುಬ್ಬಿ ನೇರ ನಡೆಯುವುದು ಬಿಟ್ಟು ಹಿಡಿಯ ಕಡೆಗೆ ಓಡಿಹೋಗುತ್ತಿರುವಂತೆ ಗುರುತು ಓರೆಯಾಗಿ ಬಿತ್ತು. "ಅಯ್ಯೋ, ಸೊಟ್ಟ ಆಯ್ತು" ಎಂದಳು. "ಆಗಲಿ, ಇದು ಹೀಗೇ ಇರ್ಲಿ" ಎಂದ ಅವನು. ನೇರ ಗುಬ್ಬಿಯ ಚಾಕುಗಳನ್ನು ಸಾಕಷ್ಟು ಮಾಡಿಯಾಗಿತ್ತು. ಆ ದಿನ ಎಣ್ಣೆಯೂ ಕರುಣೆ ತೋರಿಸಿತು, ಅಲಗು ನೇರವಾಗಿ ಬಂತು.

ಅಂದಿನಿಂದ ಆ ಮನೆಯ ಬೀನ್ಸು, ಕ್ಯಾರೆಟ್ಟು, ಆಲೂಗಡ್ಡೆ ಎಲ್ಲವೂ ಅದರ ಪಾಲಾದವು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಲಿಲ್ಲ, ಬೀರುವಿನಲ್ಲಿಡಲಿಲ್ಲ. ಅವನಿಗೆ ಬೇಕಾಗಿದ್ದುದೂ ಅದೇ.

ಸ್ವಲ್ಪ ಕಾಲದ ಮೇಲೆ ಹಿಡಿ ಒಣಗಿತೆಂದು ಅವಳು ಚಾಕುವನ್ನು ಎಣ್ಣೆ ಹಚ್ಚಲು ಕೊಟ್ಟಿದ್ದಳು. ಅದು ಕುಲುಮೆಯ ಮೇಜಿನ ಮೇಲಿತ್ತು. ಅದೇ ಹೊತ್ತಿಗೆ ಬೇಕರಿಯ ಯಜಮಾನನೊಬ್ಬ ಹೊಸದಾಗಿ ಚಾಕು ಕೇಳಲು ಬಂದ, ಹೆಸರು ಕೇಳಿ ದೂರದಿಂದ ಬಂದವನು. ಮೇಜಿನ ಮೇಲಿದ್ದುದನ್ನು ಎತ್ತಿಕೊಂಡು ಗುರುತು ನೋಡಿ ಕಣ್ಣರಳಿಸಿದ. ಜೇಬಿನಿಂದ ಯಾವುದೋ ಚೀಟಿ ತೆಗೆದು ತೂಗಿಹಿಡಿದು ಅಲಗು ಹಾಯಿಸಿದ. ಕಾಗದ ಕೊಯ್ಯಲಿಲ್ಲ, ಬಾಗಿತು. ಇನ್ನೊಮ್ಮೆ ಹಾಯಿಸಿದ. ಮತ್ತೆ ಬಾಗಿತು.

"ಇದಕ್ಕಿನ್ನೂ ಸಾಣೆ ಹಿಡಿದಿಲ್ಲ, ಅಲ್ವಾ?" ಎಂದ.

ಹೌದು ಎಂದರೆ ಮುಗಿದುಹೋಗುತ್ತಿತ್ತು. ಒಂದೇ ಮಾತು, ಯಾರಿಗೂ ನಷ್ಟವಿಲ್ಲ, ಹೆಸರೂ ಉಳಿಯುತ್ತದೆ. ಕಮ್ಮಾರನ ನಾಲಿಗೆಯ ತುದಿಗೆ ಅದು ಬಂದೇಬಿಟ್ಟಿತ್ತು. ಅವನು ಅದನ್ನು ನುಂಗಿದ.

"ಹಿಡಿದಾಗಿದೆ. ಅದು ಅಷ್ಟೇ ಹರಿತ ಇರಬೇಕು. ನಾನೇ ಮಾಡಿದ್ದು, ನನ್ನ ಹೆಂಡತಿಗೆ" ಎಂದ ಸಣ್ಣ ದನಿಯಲ್ಲಿ.

ಬಲಗಡೆಯ ಕೋಣೆಯಿಂದ ಹೆಂಡತಿಯ ದನಿ ಬಂತು: "ಏನಂದ್ರಿ? ಮಿಷನ್ ಸದ್ದಲ್ಲಿ ಕೇಳಿಸ್ಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿ!"

ಹೊಲಿಗೆ ಮಿಷನ್ನು ಆಗ ಓಡುತ್ತಲೇ ಇರಲಿಲ್ಲ. ಕಮ್ಮಾರ ಗಂಟಲು ಸರಿಮಾಡಿಕೊಂಡು, ಬೀದಿಯಲ್ಲಿ ಹೋಗುವವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದ.